ಇಂಜಿನ್ ತಣ್ಣಗಾಗುವ ತನಕ

ಪಿಕಪ್‌ನ ಡ್ರೈವರ್ ಸೀಟನ್ನು ಹಿಂದಕ್ಕೆ ಮಡಚಿ, ಅದರಡಿಯ ಇಂಜಿನ್ ಮೇಲೆ ಅಂಗೈ ಇಟ್ಟು, ದೋಸೆಕಲ್ಲಿನ ಬಿಸಿ ನೋಡುವವರ ಹಾಗೆ ಕಣ್ಣು ಕಿರಿದು ಮಾಡಿ ನಿಲ್ಲುತ್ತಿದ್ದರು. ಅವರು ನನಗೆ ನೆನಪಾಗುವುದು ಯಾವಾಗಲೂ ಹೀಗೆಯೇ. ಹೋದ ತಿಂಗಳು, ನಾನು ಮುಂಚೆ ಇದ್ದ ಡೊಂಬಿವಲಿಯ ಕಟ್ಟಡದಿಂದ ಫೋನ್ ಬಂತು, ಅವರು ತೀರಿಕೊಂಡರೆಂದು. ಫೋನ್ ಇಟ್ಟ ಮೇಲೂ ಕಣ್ಣೆದುರು ಉಳಿದದ್ದು ಆ ಅಂಗೈ.

ಹೆಸರು ಬರೆಯುವುದಿಲ್ಲ. ಬರೆದರೆ ಅವರ ಮಗನಿಗೆ ಕಸಿವಿಸಿಯಾದೀತು. ಕಟ್ಟಡದ ಮರಾಠಿಯವರು ಅವರನ್ನು ‘ಗಾಡಿವಾಲಿ ಆಂಟಿ’ ಅನ್ನುತ್ತಿದ್ದರು. ಅವರು ಸಾಮಾನು ಹಾಕುತ್ತಿದ್ದ ಹೋಟೆಲಿನವರು ಅಕ್ಕ ಅನ್ನುತ್ತಿದ್ದರು, ನಾನೂ ಅದನ್ನೇ ಹಿಡಿದೆ.

ನಾನು ಯಾರು ಅನ್ನುವುದನ್ನೂ ಹೇಳಿಬಿಡುತ್ತೇನೆ. ನಮ್ಮಪ್ಪ ಅವ್ವ ಕಲಬುರಗಿ ಕಡೆಯಿಂದ ಬಂದು ನವಿ ಮುಂಬಯಿಯ ಕಟ್ಟಡಗಳಿಗೆ ಇಟ್ಟಿಗೆ ಹೊತ್ತವರು. ಸಾನಪಾಡಾದ ಯಾವ ಬಿಲ್ಡಿಂಗಿನ ಯಾವ ಮಹಡಿಗೆ ತಾನು ಸಿಮೆಂಟು ಏರಿಸಿದೆ ಎಂದು ಅವ್ವ ಈಗಲೂ ಬೆರಳು ಮಾಡಿ ತೋರಿಸುತ್ತಾಳೆ. ನಮ್ಮ ಮನೆತನದಲ್ಲಿ ಡಿಗ್ರಿ ಪಡೆದವಳು ನಾನೇ ಮೊದಲು. ಬೆಳಿಗ್ಗೆ ಕಾಲೇಜು, ಮಧ್ಯಾಹ್ನದ ಮೇಲೆ ಝೆರಾಕ್ಸ್ ಅಂಗಡಿ, ಹೀಗೆ ಓದಿದ್ದು. ವಾಗ್ಳೆ ಎಸ್ಟೇಟಿನ ಒಂದು ಕಂಪನಿಯಲ್ಲಿ ಅಕೌಂಟ್ಸ್ ಕೆಲಸ ಸಿಕ್ಕು ಡೊಂಬಿವಲಿಯಲ್ಲಿ ಮನೆ ಹಿಡಿದಾಗ ಬಾಗಿಲ ಬೋರ್ಡಿನಲ್ಲಿ ಹೆಸರಿನ ಮುಂದೆ ಬಿ.ಕಾಂ. ಎಂದು ಬರೆಸಿದೆ. ಕೆಲವರು ನಕ್ಕರು. ನಗಲಿ ಅಂದುಕೊಂಡೆ. ಎದುರು ಮನೆಯಿಂದ ಅಕ್ಕ ಹೊರಗೆ ಬಂದು, ಬೋರ್ಡನ್ನು ಅಕ್ಷರ ಅಕ್ಷರವಾಗಿ ಓದಿ, ಬಲಗಡೆ ತುಸು ಇಳಿದಿದೆ, ಮೊಳೆ ಕಿತ್ತು ಮತ್ತೆ ಹೊಡೆಸು ಎಂದರು. ಅಂದಿನಿಂದ ಅವರಿಗೆ ನಾನು ‘ಬಿಕಾಂ’. ಅವ್ವ ಇಟ್ಟ ಹೆಸರು ಅವರ ಬಾಯಲ್ಲಿ ಒಮ್ಮೆಯೂ ಬರಲಿಲ್ಲ.

ಅವರು ಉಡುಪಿ ಕಡೆಯವರು. ವಾಶಿಯ ಮಾರ್ಕೆಟ್ಟಿನಿಂದ ತೆಂಗಿನಕಾಯಿ, ಬಾಳೆಎಲೆ, ಕರಿಬೇವು, ಮಂಗಳೂರು ಸೌತೆ ತಂದು ಡೊಂಬಿವಲಿ, ಕಲ್ಯಾಣದ ಹೋಟೆಲುಗಳಿಗೆ ಹಾಕುವ ವ್ಯಾಪಾರ. ಶುರು ಮಾಡಿದ್ದು ಗಂಡ. ಆತ ಹೃದಯಾಘಾತದಲ್ಲಿ ಹೋದಾಗ ಮಗ ಇನ್ನೂ ಶಾಲೆಯಲ್ಲಿದ್ದ. ಸೂತಕದ ದಿನಗಳೆಲ್ಲ ಮುಗಿಯುವ ಮುಂಚೆಯೇ ಅಕ್ಕ ಡ್ರೈವಿಂಗ್ ಕ್ಲಾಸಿಗೆ ಹೋಗಿ ಹೆಸರು ಬರೆಸಿದರಂತೆ. ಊರಿನಿಂದ ಬಂದ ಭಾವ, ಹೆಂಗಸು ಪಿಕಪ್ ಓಡಿಸುವುದೆಂದರೇನು ಎಂದದ್ದಕ್ಕೆ, ಹಾಗಾದರೆ ನಾಳೆಯಿಂದ ನೀವೇ ಓಡಿಸಿ ಎಂದು ಕೀಲಿ ಮುಂದೆ ಹಿಡಿದರಂತೆ. ಭಾವ ಮರುದಿನದ ಬಸ್ಸು ಹಿಡಿದ. ಈ ಕಥೆ ಹೇಳುವಾಗಲೆಲ್ಲ ಬಸ್ಸಿನ ಹೊತ್ತು ಇನ್ನಷ್ಟು ಬೇಗ ಆಗುತ್ತಿತ್ತು.

ಗಾಡಿ ಹಳೆಯದು, ಸಿಎನ್‌ಜಿಯದು. ಗ್ಯಾಸಿನ ಗಾಡಿಗೆ ಸ್ಪಾರ್ಕ್ ಪ್ಲಗ್ ಬೇಗ ಸವೆಯುತ್ತದೆ. ಸವೆದರೆ ಏರಿನಲ್ಲಿ ಉಬ್ಬಸ ಬಿಡುತ್ತದೆ, ಶಿಳ್‌ಫಾಟಾದ ಟ್ರಾಫಿಕ್ಕಿನಲ್ಲಿ ನಿಂತುಬಿಡುತ್ತದೆ. ಬೇರೆ ಕೆಲಸಕ್ಕೆಲ್ಲ ಅಕ್ಕ ಗ್ಯಾರೇಜಿಗೆ ಹೋಗುವರು, ಪ್ಲಗ್ ಮಾತ್ರ ಕಟ್ಟಡದ ಕಾಂಪೌಂಡಿನಲ್ಲಿ, ತಮ್ಮ ಕೈಯಿಂದಲೇ. ಇಂಜಿನ್ ತಣಿಯುವ ತನಕ ಬೇರೆ ಯಾರೂ ಕಾಯುವುದಿಲ್ಲವೆಂದು ಅವರ ಅನುಮಾನ, ಅದಕ್ಕೆ ಕಾರಣ ಗಂಡ. ಒಮ್ಮೆ ಆತ ಮಾರ್ಕೆಟ್ಟಿನಿಂದ ಬಂದವನೇ, ಇಂಜಿನ್ ಕುದಿಯುತ್ತಿರುವಾಗಲೇ, ಊಟಕ್ಕೆ ಮುಂಚೆ ಮುಗಿಸಿಬಿಡುತ್ತೇನೆಂದು ಹಿಂದಿನ ಪ್ಲಗ್ಗಿಗೆ ಬಿಚ್ಚುವ ಪಾನಾ ಹಾಕಿ ತಿರುಗಿಸಿದ. ಪ್ಲಗ್ ಉಕ್ಕಿನದು, ಅದು ಕೂರುವ ತೂತು ಅಲ್ಯುಮಿನಿಯಮ್ಮಿನದು. ಬಿಸಿಯಲ್ಲಿ ಎಳೆದರೆ ಪ್ಲಗ್ಗಿನ ಜೊತೆ ತೂತಿನ ಒಳಸುತ್ತಿನ ಥ್ರೆಡ್ಡೂ ಕಿತ್ತು ಬರುತ್ತದೆ. ಬಂತು. ಇಂಜಿನ್ ತಲೆ ಬಿಚ್ಚಿಸಿ, ತೂತಿಗೆ ಒಳಗಿಂದ ಬೇರೆ ಥ್ರೆಡ್ ಕೂರಿಸುವ ತನಕ ಹೋಟೆಲುಗಳು ಬೇರೆಯವರಿಂದ ತೆಂಗಿನಕಾಯಿ ತರಿಸಿದವು. ಎರಡು ಹೋಟೆಲು ಮತ್ತೆ ತಿರುಗಿ ಬರಲೇ ಇಲ್ಲ. ಅಕ್ಕ ಗಂಡನ ಬಗ್ಗೆ ಕೆಟ್ಟ ಮಾತು ಆಡುತ್ತಿರಲಿಲ್ಲ, ಇದೊಂದನ್ನು ಬಿಟ್ಟು.

ಇಷ್ಟು ಓದಿದವರು ಅಕ್ಕ ಬಹಳ ತಾಳ್ಮೆಯವರು ಅಂದುಕೊಂಡಾರು. ಹಾಲು ಉಕ್ಕುವವರೆಗೂ ಒಲೆಯ ಮುಂದೆ ನಿಲ್ಲದ ಹೆಂಗಸು ಅವರು. ಲಿಫ್ಟಿಗೆ ಕಾಯರು, ಡಾಕ್ಟರ ಸರತಿಗೆ ಕಾಯರು, ನನ್ನ ವಾಕ್ಯ ಮುಗಿಯುವುದಕ್ಕೂ ಕಾಯರು. ಸೊಸೈಟಿಯ ಸೆಕ್ರೆಟರಿಗೂ ಅವರಿಗೂ ಕಾಂಪೌಂಡಿನ ಎಣ್ಣೆ ಕಲೆಯ ಮೇಲೆ ವರ್ಷವಿಡೀ ಜಗಳ. ಆತ ಮರಾಠಿಯಲ್ಲಿ ನಿಯಮ ಹೇಳುವನು, ಇವರು ಅರ್ಧ ಮರಾಠಿ ಅರ್ಧ ತುಳುವಿನಲ್ಲಿ ಉತ್ತರ ಕೊಡುವರು, ಆಮೇಲೆ ಸೋಡಾಪುಡಿ ಹಾಕಿ ನೆಲವನ್ನು ಆತನ ಬಾಲ್ಕನಿಗೆ ಕಾಣುವಂತೆ ತಿಕ್ಕುವರು. ಅಕ್ಕನಿಗೆ ತಾಳ್ಮೆ ಬರುತ್ತಿದ್ದುದು ಆ ಸೀಟು ಎತ್ತಿದ ಮೇಲೆ ಮಾತ್ರ.

ಒಮ್ಮೆ ರಬಾಳೆಯ ಒಂದು ಕಾರ್ಖಾನೆಯಲ್ಲಿ ನನಗೆ ಇಂಟರ್‌ವ್ಯೂ ಇತ್ತು, ಆಗಿನದಕ್ಕಿಂತ ದೊಡ್ಡ ಕೆಲಸ. ಅಂದೇ ಬೆಳಿಗ್ಗೆ ಸೆಂಟ್ರಲ್ ಲೈನಿನಲ್ಲಿ ವೈರು ಹರಿದು ಲೋಕಲ್ ಎಲ್ಲ ನಿಂತಿದ್ದವು. ಸ್ಟೇಷನ್ನಿನಿಂದ ಅಳುಮುಖ ಹೊತ್ತು ವಾಪಸ್ ಬಂದರೆ ಅಕ್ಕ, ಗಾಡಿ ಹತ್ತು ಎಂದರು. ಅಷ್ಟೇ. ಇಸ್ತ್ರಿ ಮಾಡಿದ ಸೀರೆಯಲ್ಲಿ ಸೌತೆಕಾಯಿ ವಾಸನೆಯ ಗಾಡಿ ಹತ್ತಿದೆ. ಕೆಳಗೆ ಇಂಜಿನ್, ತೊಡೆಯೆಲ್ಲ ಕಾವು. ದಾರಿಯಲ್ಲಿ ಅವರು ಧೈರ್ಯದ ಮಾತು ಒಂದನ್ನೂ ಹೇಳಲಿಲ್ಲ, ಅಡ್ಡ ಬಂದ ರಿಕ್ಷಾದವರಿಗೆಲ್ಲ ತುಳುವಿನಲ್ಲಿ ಬೈದರು. ಗೇಟಿನ ಹತ್ತಿರ ಇಳಿಸುವಾಗ ನನ್ನ ಕಡೆ ನೋಡಿ, “ಒಳಗೆ ಹೋಗಿ ತಲೆ ತಗ್ಗಿಸಿ ಕೂರಬೇಡ. ಬೋರ್ಡು ಹೊಡೆಸಿದವಳಲ್ಲವಾ ನೀನು” ಎಂದರು. ಕೆಲಸ ಸಿಕ್ಕಿತು. ಪೇಡೆ ಕೊಡಲು ಹೋದರೆ, ಡಬ್ಬಿ ತೆಗೆದುಕೊಂಡು, ಸಂಜೆ ಬಾ, ಈಗ ಹೊತ್ತಿಲ್ಲ ಎಂದು ಬಾಗಿಲು ಹಾಕಿದರು.

ಅವರ ಕೈ ನಡುಗುವುದನ್ನು ನಾನು ಮೊದಲು ಕಂಡದ್ದು ನಮ್ಮ ಮನೆಯಲ್ಲೇ. ಚಹಾ ಕುಡಿದು ಲೋಟ ಕೆಳಗಿಟ್ಟರು. ಖಾಲಿಯಾದ ಬಲಗೈ ತೊಡೆಯ ಮೇಲೆ, ಹೆಬ್ಬೆರಳೂ ತೋರುಬೆರಳೂ ಬೀಡಿ ಸುತ್ತುವಂತೆ, ತನ್ನಷ್ಟಕ್ಕೆ ಉಜ್ಜಿಕೊಳ್ಳತೊಡಗಿತು. ಅಕ್ಕ ಅದನ್ನು ನೋಡಿದರು, ನನ್ನನ್ನು ನೋಡಿದರು, ಕೈಯನ್ನು ತೊಡೆಯ ಕೆಳಗೆ ಸೇರಿಸಿ ಅದರ ಮೇಲೆ ಕೂತರು.

“ಕಂಡದ್ದು ಕಂಡಿ. ಬಾಯಿಗೆ ಬೀಗ ಹಾಕು” ಎಂದರು.

ಹಾಕಿದೆ. ಆಮೇಲೆ ಗಮನಿಸುತ್ತ ಹೋದಂತೆ ಒಂದು ವಿಷಯ ತಿಳಿಯಿತು. ಏನಾದರೂ ಹಿಡಿದಾಗ ಆ ಕೈ ಸುಮ್ಮನಿರುತ್ತಿತ್ತು. ಬಿಟ್ಟಾಗ ನಡುಗುತ್ತಿತ್ತು. ಅಕ್ಕ ಇದನ್ನು ಎಂದೋ ಕಂಡುಕೊಂಡಿದ್ದರು. ಕೀಲಿಗೊಂಚಲು, ಛತ್ರಿ, ಕರಿಬೇವಿನ ಕಟ್ಟು, ಏನೂ ಇಲ್ಲದಿದ್ದರೆ ತಮ್ಮದೇ ಸೆರಗಿನ ತುದಿ, ಹೀಗೆ ಬಲಗೈಗೆ ಯಾವಾಗಲೂ ಏನಾದರೊಂದು ಕೊಟ್ಟಿರುತ್ತಿದ್ದರು.

ಮಗನಿಂದ ಎಷ್ಟು ದಿನ ಮುಚ್ಚಿಡುವುದು. ಅವನು ಆಗ ಐರೋಳಿಯ ಕಂಪನಿಯೊಂದರಲ್ಲಿದ್ದ. ಇಲ್ಲೇ ಹುಟ್ಟಿ ಬೆಳೆದವನು, ತುಳು ಕನ್ನಡ ಎರಡೂ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಹಿಂದಿಯಲ್ಲೇ. ಒಳ್ಳೆಯ ಹುಡುಗ. ಅಮ್ಮನನ್ನು ದೊಡ್ಡ ಡಾಕ್ಟರ ಹತ್ತಿರ ಕರೆದುಕೊಂಡು ಹೋದ, ರೋಗದ ಹೆಸರು ತಿಳಿಯಿತು, ಮಾತ್ರೆ ಶುರುವಾಯಿತು. ವಾಸಿಯಾಗುವುದಲ್ಲ, ನಿಧಾನ ಮಾಡಬಹುದು ಎಂದರಂತೆ ಡಾಕ್ಟರು. ಅವನು ಗಾಡಿ ಮಾರುವುದೆಂದು ತೀರ್ಮಾನ ಮಾಡಿ, ಕಲ್ಯಾಣದ ಒಬ್ಬ ತರಕಾರಿಯವನಿಗೆ ಮಾತೂ ಕೊಟ್ಟುಬಂದ.

ಆ ಜಗಳ ನಮ್ಮ ಮನೆಯವರೆಗೂ ಕೇಳುತ್ತಿತ್ತು. ಅವನು ರಸ್ತೆಯ ಮೇಲಿನ ಜನರ ಜೀವದ ಮಾತಾಡುತ್ತಿದ್ದ, ತಪ್ಪೇನಿಲ್ಲ. ಅಕ್ಕ ತಮ್ಮ ಜೀವದ ಮಾತಾಡುತ್ತಿದ್ದರು. ಮರುದಿನ ನನ್ನ ಹತ್ತಿರ ಬಂದು ಕೂತವರು, ಗಾಡಿ ಹೋದರೆ ಬೆಳಿಗ್ಗೆ ಏಳುವುದು ಯಾಕೆ ಹೇಳು ಎಂದು ಕೇಳಿದರು. ನಾನು ಏನೋ ಹೇಳಹೋದೆ. ಮಾಮೂಲಿನಂತೆ ಪೂರ್ತಿ ಕೇಳಲಿಲ್ಲ.

ಕಡೆಗೆ ತಾಯಿ ಮಗ ಸೇರಿ ಒಂದು ಕರಾರು ಮಾಡಿಕೊಂಡರು. ಪ್ಲಗ್ ಬದಲಿಸುವ ಕಾಲ ಹೇಗೂ ಬಂದಿತ್ತು. ನಾಲ್ಕೂ ಪ್ಲಗ್ ಅಕ್ಕನೇ ಹಾಕಬೇಕು, ಬೇರೆ ಯಾರ ಕೈಯೂ ತಾಗಬಾರದು. ಒಂದು ಅಡ್ಡ ಹೋದರೂ ಕೀಲಿ ಮಗನಿಗೆ. ನಾಲ್ಕೂ ಸರಿ ಕೂತರೆ ದೀಪಾವಳಿಯವರೆಗೆ ಅವನು ಮಾರುವ ಮಾತು ಎತ್ತಬಾರದು. ಪ್ಲಗ್ ಕೂರಿಸಲಾಗದ ಕೈ ಸ್ಟಿಯರಿಂಗ್ ಹಿಡಿಯಬಾರದು ಅನ್ನುವುದು ಅವನಿಗೂ ನ್ಯಾಯವಾಗಿ ಕಂಡಿರಬೇಕು. ಕಲ್ಯಾಣದವನು ಭಾನುವಾರ ಸಂಜೆ ಗಾಡಿ ನೋಡಲು ಬರುವವನಿದ್ದ. ಅದಕ್ಕೆ ಮುಂಚೆ ಇತ್ಯರ್ಥವಾಗಬೇಕು.

ಆ ಭಾನುವಾರ ಮೇ ತಿಂಗಳ ಬಿಸಿಲು. ಅಕ್ಕ ಮಾರ್ಕೆಟ್ಟು ಮುಗಿಸಿ, ಹೋಟೆಲುಗಳಿಗೆ ಇಳಿಸಿ, ಊಟದ ಹೊತ್ತಿಗೆ ಬಂದರು. ಮಗ ಕೆಳಗೇ ನಿಂತಿದ್ದ. ಸೀಟು ಎತ್ತಿದರೆ ಒಳಗಿಂದ ಕಾವು ಮುಖಕ್ಕೆ ಹೊಡೆಯಿತು. ಅಕ್ಕ ಬಾಗಿಲೆರಡೂ ತೆರೆದಿಟ್ಟು, ಕೆಳಗೆ ಗೋಣಿ ಹಾಸಿ, ಗಾಡಿಯ ನೆರಳಿನಲ್ಲಿ ಸ್ಟೂಲು ಹಾಕಿ ಕೂತರು.

“ಅಭೀ ಕರೋ ನಾ, ಮಮ್ಮಿ” ಎಂದ ಮಗ.

ತಣ್ಣಗಾಗಲಿ ಎಂದರು. ಅವನು ವಾಚು ನೋಡಿದ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಕೇಳಿದ. ಅಕ್ಕ ಎದ್ದು ಇಂಜಿನ್ ಮೇಲೆ ಅಂಗೈ ಇಟ್ಟು ನೋಡಿ, ವಾಪಸ್ ಬಂದು ಕೂತರು. ಹೊತ್ತು ಮುಂದೂಡುತ್ತಿದ್ದಾರೆ ಎಂದು ಅವನಿಗೆ ಅನುಮಾನ. ನನಗೂ ಒಂದು ಕ್ಷಣ ಹಾಗನ್ನಿಸಿತು. ನಾನು ಹೊಸ ಪ್ಲಗ್ಗುಗಳ ಡಬ್ಬಿ ಹಿಡಿದು ಮೆಟ್ಟಿಲ ಮೇಲೆ ಕೂತಿದ್ದೆ. ಮೇಲೆ ಸೆಕ್ರೆಟರಿ ಬಾಲ್ಕನಿಗೆ ಬಂದ, ಎಂದಿನಂತೆ ಕೂಗಲಿಲ್ಲ, ಕುರ್ಚಿ ಎಳೆದುಕೊಂಡು ಕೂತ. ಕರಾರಿನ ಸುದ್ದಿ ಕಟ್ಟಡಕ್ಕೆಲ್ಲ ಗೊತ್ತಾಗಿತ್ತು.

ಅಕ್ಕನ ಬಲಗೈಯಲ್ಲಿ ಪಾನಾ. ಹಿಡಿ ಸಡಿಲವಾದಾಗಲೆಲ್ಲ ಅದರ ತುದಿ ಸ್ಟೂಲಿನ ಕಾಲಿಗೆ ತಾಗಿ ಟಿಕಟಿಕ ಅನ್ನುವುದು. ಅವರು ಬಿಗಿಹಿಡಿದರೆ ನಿಲ್ಲುವುದು. ಮಗ ನನ್ನ ಹತ್ತಿರ ಬಂದು ದನಿ ತಗ್ಗಿಸಿ, ನೀವು ಓದಿದವರು ದೀದಿ, ನೀವಾದರೂ ತಿಳಿಸಿ ಹೇಳಿ ಎಂದು ಹಿಂದಿಯಲ್ಲಿ ಬೇಡಿಕೊಂಡ. ಅವನ ಕಣ್ಣು ಕೆಂಪಗಾಗಿತ್ತು. ಓದಿದ್ದಕ್ಕೂ ಇದಕ್ಕೂ ಸಂಬಂಧವಿಲ್ಲ, ನಿಮ್ಮಮ್ಮನಿಗೆ ನಾನು ಹೇಳುವವಳಲ್ಲ ಎಂದೆ. ಅಕ್ಕನಿಗೆ ಕೇಳಿಸಿರಬೇಕು.

“ಅವಳನ್ನು ಯಾಕೆ ಎಳೆಯುತ್ತೀ? ಬಿಸಿಲು ಇಳಿದ ಮೇಲೆ ಹೇಳುವುದನ್ನೆಲ್ಲ ನನಗೇ ಹೇಳು” ಎಂದರು.

ಬಿಸಿಲು ಎದುರು ಕಟ್ಟಡದ ಹಿಂದೆ ಸರಿದ ಮೇಲೆ ಅಂಗೈಯನ್ನು ಇಂಜಿನ್ ಮೇಲೆ ಬಹಳ ಹೊತ್ತು ಇಟ್ಟರು. ತೆಗೆದು, ಸೆರಗು ಸೊಂಟಕ್ಕೆ ಸಿಕ್ಕಿಸಿದರು.

ಅವರ ಕ್ರಮ ಹೀಗಿತ್ತು. ನಾಲ್ಕು ವೈರನ್ನೂ ಒಟ್ಟಿಗೆ ಕೀಳುತ್ತಿರಲಿಲ್ಲ, ಅದಲು ಬದಲಾದರೆ ಇಂಜಿನ್ ಹಟ ಹಿಡಿಯುತ್ತದೆ. ಒಂದು ವೈರು, ಒಂದು ಪ್ಲಗ್, ಮತ್ತೆ ಅದೇ ವೈರು. ತೂತಿನ ಸುತ್ತಲ ಧೂಳನ್ನು ಸೈಕಲ್ ಪಂಪಿನಿಂದ ಊದುವುದು. ಹಳೆಯದನ್ನು ಪಾನಾದಿಂದ ಸಡಿಲಿಸಿ ತೆಗೆಯುವುದು. ಹೊಸ ಪ್ಲಗ್ಗಿನ ತಲೆಗೆ ಒಂದು ತುಂಡು ರಬ್ಬರ್ ಪೈಪು ಸಿಕ್ಕಿಸಿ, ಕಣ್ಣಿಗೆ ಕಾಣದ ಆ ಆಳಕ್ಕೆ ಇಳಿಬಿಟ್ಟು, ಪೈಪನ್ನು ಬೆರಳಿನಲ್ಲೇ ಮೊದಲು ಹಿಂದಕ್ಕೆ ತಿರುಗಿಸುವುದು. ಥ್ರೆಡ್ಡಿಗೆ ಥ್ರೆಡ್ಡು ಬಿದ್ದದ್ದು ಬೆರಳಿಗೆ ತಿಳಿಯುತ್ತದಂತೆ. ಆಮೇಲೆ ಮುಂದಕ್ಕೆ. ಬೆರಳಿಗೆ ಸುಲಭವಾಗಿ ಬಂದರೆ ಮಾತ್ರ ಪಾನಾ.

ಮೊದಲನೆಯದು ಕೂತಿತು. ಎರಡನೆಯದು ಕೂತಿತು. ಮೂರನೆಯದಕ್ಕೆ ತುಸು ಹೊತ್ತಾಯಿತು, ಕೂತಿತು. ಕೈ ಕೆಲಸ ಹಿಡಿದಿತ್ತು, ನಡುಗಲಿಲ್ಲ. ನಡುವೆ ಹೊಸ ಪ್ಲಗ್ಗಿಗಾಗಿ ನನ್ನ ಕಡೆ ಖಾಲಿ ಕೈ ಚಾಚುವಾಗ ಮಾತ್ರ ಬೆರಳು ಕುಣಿಯುತ್ತಿದ್ದವು. ನಾನು ಅದನ್ನು ನೋಡದವಳಂತೆ ಪ್ಲಗ್ಗನ್ನು ಅಂಗೈಯೊಳಗೆ ಒತ್ತಿ ಕೊಡುತ್ತಿದ್ದೆ.

ನಾಲ್ಕನೆಯದು ಎಲ್ಲಕ್ಕಿಂತ ಹಿಂದಿನದು. ಗಂಡ ಕೆಡಿಸಿದ್ದು, ಆಮೇಲೆ ರಿಪೇರಿಯಾದದ್ದು. ಅಲ್ಲಿ ಕೈ ತೂರುವುದೇ ಕಷ್ಟ, ಭುಜದವರೆಗೂ ಒಳಗೆ ಬಾಗಬೇಕು. ಅಕ್ಕ ಇಳಿಬಿಟ್ಟರು, ತಿರುಗಿಸಿದರು. ಪೈಪು ಒಂದು ಸುತ್ತು ಹೋಗಿ, ಗಿರಕ್ಕನೆ ಜಾರಿತು. ಪ್ಲಗ್ ಓರೆಯಾಗಿತ್ತು.

“ಬಸ್, ಮಮ್ಮಿ” ಎಂದ ಮಗ, ಹತ್ತಿರ ಬಂದ.

“ಕೈ ಹಾಕಬೇಡ. ಇನ್ನೂ ಪಾನಾ ಮುಟ್ಟಿಸಲಿಲ್ಲ ನಾನು.”

ಅದು ನಿಜ. ಬೆರಳಿನಲ್ಲಿ ಓರೆಯಾದದ್ದನ್ನು ತೆಗೆಯಬಹುದು, ಪಾನಾ ಹಾಕಿ ಬಿಗಿದ ಮೇಲೆ ಓರೆಯಾದದ್ದಕ್ಕೆ ಮದ್ದಿಲ್ಲ. ಮಗ ನಿಂತ. ಅಕ್ಕ ಪ್ಲಗ್ಗನ್ನು ಮೇಲೆತ್ತಿ, ಸೆರಗಿನಲ್ಲಿ ಒರೆಸಿ, ಮತ್ತೆ ಇಳಿಬಿಟ್ಟರು. ಕೆನ್ನೆ ಇಂಜಿನ್ನಿಗೆ ತಾಗಿತ್ತು. ಕಣ್ಣು ಮುಚ್ಚಿದ್ದರು. ಪೈಪು ಹಿಂದಕ್ಕೆ ತಿರುಗಿತು, ನಿಂತಿತು. ಮತ್ತೆ ಹಿಂದಕ್ಕೆ. ಬಾಲ್ಕನಿಯಲ್ಲಿ ಕುರ್ಚಿ ಕಿರುಗುಟ್ಟಿದ್ದು ಕೆಳಗೆ ಕೇಳಿಸಿತು. ಆಮೇಲೆ ಪೈಪು ಮುಂದಕ್ಕೆ ತಿರುಗತೊಡಗಿತು, ಮೆತ್ತಗೆ, ತಡೆಯಿಲ್ಲದೆ, ಸುತ್ತು ಸುತ್ತು. ಅಕ್ಕ ಕಣ್ಣು ತೆರೆಯದೆ ಎಡಗೈ ಚಾಚಿದರು. ನಾನು ಪಾನಾ ಕೊಟ್ಟೆ.

ಸೀಟು ಇಳಿಸಿ ಕೀಲಿ ತಿರುಗಿಸಿದರೆ ಗಾಡಿ ಒಂದೇ ಸಲಕ್ಕೆ ಎದ್ದಿತು. ಸದ್ದಿನಲ್ಲಿ ಒಂದು ಏರುಪೇರಿಲ್ಲ. ಮಗ ತಲೆ ತಗ್ಗಿಸಿ ಕೇಳುತ್ತ ನಿಂತ. ಆಮೇಲೆ ಮೊಬೈಲು ತೆಗೆದು, ಕಲ್ಯಾಣದವನಿಗೆ ಫೋನ್ ಮಾಡಿ, ಈಗ ಬರಬೇಡಿ, ದೀಪಾವಳಿಯ ಮೇಲೆ ನೋಡೋಣ ಎಂದ. ಮಾತಿಗೆ ತಪ್ಪಲಿಲ್ಲ ಹುಡುಗ. ಅಕ್ಕ ಅವನ ಕಡೆ ನೋಡದೆ, “ಹತ್ತು ಬಿಕಾಂ, ಒಂದು ರೌಂಡ್ ಹೋಗಿ ಬರುವಾ” ಎಂದರು. ಮುಖ ಮದುವಣಗಿತ್ತಿಯ ಹಾಗಿತ್ತು.

ಹತ್ತಿದೆ. ಗಾಡಿ ಕಾಂಪೌಂಡು ದಾಟಿ ಗೇಟಿನ ಕಡೆ ಹೊರಟಿತು. ಗೇಟು ಅರ್ಧ ಮುಚ್ಚಿತ್ತು, ವಾಚ್‌ಮನ್ ನಮಗೆ ಬೆನ್ನು ಹಾಕಿ ಅದನ್ನು ತೆರೆಯುತ್ತಿದ್ದ. ವೇಗವೇನೂ ಇರಲಿಲ್ಲ. ಮಾತಾಡುತ್ತಿದ್ದ ಅಕ್ಕ ನಡುವೆಯೇ ಮಾತು ನಿಲ್ಲಿಸಿದರು. ನಾನು ಅವರ ಕಡೆ ನೋಡಿದೆ. ಅವರು ಕೆಳಗೆ, ತಮ್ಮ ಬಲಗಾಲನ್ನು ನೋಡುತ್ತಿದ್ದರು. ಅದು ಎಕ್ಸಲರೇಟರಿನ ಮೇಲೆ ಇಟ್ಟಲ್ಲೇ ಇತ್ತು. ಮೊಣಕಾಲು ಎದ್ದಿತೋ ಇಲ್ಲವೋ ಅನ್ನುವಂತೆ ಅದುರಿತು, ಪಾದ ಮಾತ್ರ ಅಂಟು ಹಾಕಿದಂತೆ ಕದಲಲಿಲ್ಲ. ವಾಚ್‌ಮನ್ನನ ಬೆನ್ನು ಗಾಜಿನ ತುಂಬ ದೊಡ್ಡದಾಗುತ್ತಿತ್ತು. ಅಕ್ಕ ಎಡಗೈಯಿಂದ ಹ್ಯಾಂಡ್‌ಬ್ರೇಕನ್ನು ಬುಡಸಮೇತ ಎಳೆದರು. ಗಾಡಿ ಮುಗ್ಗರಿಸಿ, ಕೆಮ್ಮಿ, ನಿಂತಿತು. ಬಂಪರಿಗೂ ಆತನಿಗೂ ನಡುವೆ ಒಬ್ಬರು ಓರೆಯಾಗಿ ದಾಟುವಷ್ಟು ಜಾಗ.

ವಾಚ್‌ಮನ್ ತಿರುಗಿದ. ಏನಾಯಿತೆಂದು ಅವನಿಗೆ ಗೊತ್ತಾಗಲಿಲ್ಲ. ಸಲಾಮು ಹೊಡೆದು ಗೇಟು ಪೂರ್ತಿ ತೆರೆದ.

ಅಕ್ಕ ಎರಡೂ ಕೈಯಿಂದ ಮೊಣಕಾಲಿನ ಹತ್ತಿರ ಸೀರೆ ಹಿಡಿದು, ಕಾಲನ್ನು ಎತ್ತಿ ಪಕ್ಕಕ್ಕಿಟ್ಟರು. ರೋಗ ಕಾಲಿಗೂ ಇಳಿದದ್ದು ಅವರಿಗೆ ಹೊಸತೆಂದು ನನಗನ್ನಿಸಲಿಲ್ಲ. ಹಿಂದಿನಿಂದ ಮಗ ಓಡಿ ಬರುತ್ತಿದ್ದ, “ಕ್ಯಾ ಹುವಾ? ಬಂದ್ ಪಡ್ ಗಯೀ?” ಎನ್ನುತ್ತ. ಅವನ ದನಿಯಲ್ಲಿ ಗೆದ್ದ ಖುಷಿಯೇನೂ ಇರಲಿಲ್ಲ, ಅಯ್ಯೋ ಅನ್ನುವ ದನಿ ಅದು.

ಅಕ್ಕ ಕೀಲಿ ಕಿತ್ತುಕೊಂಡು ಇಳಿದರು. ಬಾಗಿಲು ಹಿಡಿದು ಒಂದು ಗಳಿಗೆ ನಿಂತು, ಕಾಲು ಮಾತು ಕೇಳಿದ ಮೇಲೆ ನಡೆದು ಅವನ ಎದುರು ಹೋದರು. ಮಗನ ಅಂಗೈ ಬಿಡಿಸಿ ಕೀಲಿ ಇಟ್ಟರು. ಅವನಿಗೆ ತಿಳಿಯಲಿಲ್ಲ, ನನ್ನ ಮುಖ ನೋಡಿದ. ನಾನು ಗಾಡಿಯ ಬಾಗಿಲು ಹಾಕುವುದರಲ್ಲಿದ್ದೆ.

“ಅವನಿಗೆ ಪುನಃ ಫೋನ್ ಮಾಡು. ಬರಲಿಕ್ಕೆ ಹೇಳು” ಎಂದರು ಅಕ್ಕ. “ಗಾಡಿ ನಿಂತದ್ದಲ್ಲ ಮಗಾ. ನಾನು ನಿಲ್ಲಿಸಿದ್ದು. ಗಾಡಿಯಲ್ಲಿ ಎಂತದೂ ತಪ್ಪಿಲ್ಲ, ಅದನ್ನು ಅವನಿಗೆ ಸರಿಯಾಗಿ ಹೇಳು.”

ಅಷ್ಟು ಹೇಳಿ, ಖಾಲಿ ಕೈಯನ್ನು ಮುಚ್ಚಿಡುವ ಗೋಜಿಗೆ ಹೋಗದೆ, ಎಲ್ಲರಿಗೂ ಕಾಣುವಂತೆ ನಡುಗಲು ಬಿಟ್ಟು, ಮೆಟ್ಟಿಲು ಹತ್ತಿದರು.